ಪಂದ್ಯಕ್ಕೆ ಹೋಗಿಬರುವುದು

ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎಂದರೆ ನಮ್ಮ ಹಿರಿಯರು ಸಹಿಸುತ್ತಿರಲಿಲ್ಲ. ‘ಹೋಗಿಬರುತ್ತೇನೆ’ ಎಂದೇ ಹೇಳಬೇಕು. ದೊಡ್ಡ ಊರಿನ ಕಾಲ್ಚೆಂಡಿನ ಪಂದ್ಯ ನೋಡಲು ಹೊರಡುವ ನಮ್ಮಂಥ ಸಣ್ಣ ಊರಿನವರ ಮಟ್ಟಿಗೆ ಈ ಮಾತಿನ ಮೊದಲರ್ಧ ಸುಲಭವಾದುದು, ಎರಡನೆಯ ಅರ್ಧವೇ ಕಠಿಣವಾದುದು. ಹೋಗುವುದಕ್ಕೆ ಇಡೀ ಹಗಲು ನಮ್ಮದು. ಬರುವುದಕ್ಕೆ ಉಳಿಯುವುದು ರಾತ್ರಿಯ ಎರಡು ಮೂರು ಗಳಿಗೆ ಮಾತ್ರ. ಬಾನುಲಿಯ ಮುಂದೆ ಕುಳಿತು ಪಂದ್ಯದ ವಿವರಣೆ ಕೇಳುವವನಿಗೆ ಆಟ ಮುಗಿದೊಡನೆ ಹಾಸಿಗೆ ನಾಲ್ಕು ಹೆಜ್ಜೆಯ ದೂರದಲ್ಲಿರುತ್ತದೆ. ಕ್ರೀಡಾಂಗಣದಲ್ಲಿ ಕುಳಿತ ಖಾನಾಪುರದವನಿಗೆ ಅದು ಐನೂರು ಕಿಲೋಮೀಟರಿನಾಚೆ ಇರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಆಟಗಾರ ಮಕ್ಕಳನ್ನು ಬೆಂಗಳೂರಿನ ಒಂದು ಪಂದ್ಯಕ್ಕೆ ಕರೆದೊಯ್ಯಬೇಕೆಂಬ ವಿಚಾರ ಬಂತು. ಮುಖ್ಯೋಪಾಧ್ಯಾಯರು ಖರ್ಚು ಎಷ್ಟೆಂದು ಕೇಳಿದರು. ಪಿ.ಟಿ. ಮಾಸ್ತರರು ಎದುರು ತಂಡ ಯಾವುದೆಂದು ಕೇಳಿದರು. ಗೋಲು ಕಾಯುವ ಹುಡುಗನ ತಾಯಿ, ಜಾಂಬೋಟಿಯ ಕಡೆಯ ಹಳ್ಳಿಯವರು, ಶಾಲೆಯ ಕಟ್ಟೆಯ ಬಳಿ ನಿಂತು ಕೇಳಿದ್ದು ಇಷ್ಟೆ: “ಸರ್, ಆಟ ಎಷ್ಟಕ್ಕ ಮುಗಿತೈತ್ರಿ? ಮುಗದ ಮ್ಯಾಲ ಹುಡುಗೂರು ಹೆಂಗ ಬರತಾವ್ರಿ?”

ಮೂವರಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಆಕೆ ಒಬ್ಬರೇ. ಆ ಹೊತ್ತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಇರಲಿಲ್ಲವೆನ್ನುವುದಕ್ಕಿಂತ, ನನ್ನ ಹಿಂದಿನ ಅನುಭವವೊಂದು ನಾಲಗೆಯನ್ನು ಹಿಡಿದಿತ್ತೆನ್ನುವುದು ಹೆಚ್ಚು ನಿಜ.

ಆ ಅನುಭವ ೨೦೧೬ರ ಅಕ್ಟೋಬರ್ ೧೯ರದು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ತಂಡಕ್ಕೂ ಮಲೇಷ್ಯಾದ ಜೊಹೋರ್ ದಾರುಲ್ ತಾಜಿಮ್ ತಂಡಕ್ಕೂ ಎ.ಎಫ್.ಸಿ. ಕಪ್ಪಿನ ಉಪಾಂತ್ಯದ ಎರಡನೆಯ ಸುತ್ತಿನ ಪಂದ್ಯ. ಜೊಹೋರಿನವರು ಹಿಂದಿನ ವರ್ಷ ಕಪ್ಪು ಗೆದ್ದವರು. ಮೊದಲ ಗೋಲನ್ನೂ ಅವರೇ ಹೊಡೆದರು. ಆಮೇಲೆ ಸುನಿಲ್ ಛೆತ್ರಿ ಎರಡು, ಹುವಾನನ್ ಒಂದು ಗೋಲು ಹೊಡೆದು ನಮ್ಮವರು ೩-೧ರಿಂದ ಗೆದ್ದರು. ಭಾರತದ ಕ್ಲಬ್ಬೊಂದು ಆ ಸ್ಪರ್ಧೆಯ ಅಂತಿಮ ಪಂದ್ಯವನ್ನು ಸೇರಿದ್ದು ಅದೇ ಮೊದಲು. ನಾನೂ ನನ್ನ ತಂಗಿಯ ಮಗನೂ ಗಂಟಲು ಬಿದ್ದುಹೋಗುವಷ್ಟು ಕೂಗಿದೆವು. ಹತ್ತು ಗಂಟೆಯ ಬಸ್ಸಿಗೆ ನನ್ನ ಟಿಕೇಟು ಆಗಿತ್ತು. ಹೊರಗೆ ಬಂದೊಡನೆ ಹುಡುಗ, “ಮಾಮಾ, ಮೆಟ್ರೋಕ್ಕ ನಡಕೋತ ಹೋಗೂಣು ನಡೀರಿ” ಎಂದ. ನಗರದ ನಡುವಿನ ಸುರಂಗದ ಮೆಟ್ರೋ ಆ ವರ್ಷದ ಏಪ್ರಿಲ್ ಕಡೆಯಲ್ಲಷ್ಟೆ ಆರಂಭವಾಗಿತ್ತು. ನಾನು ದೊಡ್ಡವನೆಂಬ ಗತ್ತಿನಲ್ಲಿ, “ನೆಲದಾಗ ಯಾಕ ಹೋಗಬೇಕಪಾ, ಎದುರಿಗೇ ಆಟೋ ನಿಂತಾವಲ್ಲ” ಎಂದೆ. ಆಟೋ ಸಿಕ್ಕಿತು. ಆದರೆ ಅದು ಚಲಿಸಲಿಲ್ಲ. ಮುಂದೆ ಕಾರು, ಹಿಂದೆ ಕಾರು, ಸುತ್ತ ನೀಲಿ ಅಂಗಿ ತೊಟ್ಟು ಹಾಡುತ್ತಿದ್ದ ತರುಣರು. ನಮ್ಮ ಪಕ್ಕದಲ್ಲಿ ನಡೆದು ಹೋದ ಮುದುಕರೊಬ್ಬರು ಕಣ್ಣಿಗೆ ಮರೆಯಾದ ಮೇಲೂ ನಾವು ಅದೇ ಮರದ ಕೆಳಗಿದ್ದೆವು. ಮೆಜೆಸ್ಟಿಕ್ ತಲುಪಿದಾಗ ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ದಸರೆಯ ರಜೆಯ ದಿನಗಳಾದ್ದರಿಂದ ಉಳಿದವೆಲ್ಲ ತುಂಬಿದ್ದವು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬೆಳಗು ಮಾಡಿದೆ. ತಪ್ಪು ನನ್ನದೇ, ಬೇರೆ ಯಾರದೂ ಅಲ್ಲ.

ಈ ತಪ್ಪಿನ ಮೂಲವೇನೆಂದು ಆ ಬೆಂಚಿನ ಮೇಲೆ ಯೋಚಿಸಲು ನನಗೆ ಬೇಕಾದಷ್ಟು ಸಮಯವಿತ್ತು. ಪಂದ್ಯಕ್ಕೆ ಬರುವವರು ಎರಡು ಗಂಟೆಗಳ ಕಾಲ ಹನಿಹನಿಯಾಗಿ ಬರುತ್ತಾರೆ. ಒಬ್ಬನು ಕಚೇರಿಯಿಂದ ನೇರವಾಗಿ, ಇನ್ನೊಬ್ಬನು ಚಹಾ ಕುಡಿದು, ಮತ್ತೊಬ್ಬನು ಆಟ ಶುರುವಾದ ಮೇಲೆ. ಹೊರಡುವಾಗ ಹಾಗಲ್ಲ. ಒಂದು ಸೀಟಿಯ ಸದ್ದಿಗೆ ಎಲ್ಲರೂ ಏಳುತ್ತಾರೆ. ಎಲ್ಲರಿಗೂ ಅದೇ ಬಾಗಿಲು, ಅದೇ ರಸ್ತೆ. ನಮ್ಮ ಸೀಮೆಯ ಜನ ಸವದತ್ತಿ ಎಲ್ಲಮ್ಮನ ಜಾತ್ರೆಯನ್ನು ಕಂಡವರು. ಅಲ್ಲಿ ಸೇರುವ ಜನ ಕ್ರೀಡಾಂಗಣದ ಜನಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೂ ಅಲ್ಲಿ ಬರುವುದೂ ಹೋಗುವುದೂ ದಿನಗಟ್ಟಲೆ ಹರಡಿರುತ್ತದೆ. ದೇವಿ ಸೀಟಿ ಊದಿ ಎಲ್ಲರನ್ನೂ ಒಮ್ಮೆಲೇ ಎಬ್ಬಿಸುವುದಿಲ್ಲ. ಕಂಠೀರವ ಕ್ರೀಡಾಂಗಣವಾದರೋ ಹಿಂದಿನ ಸಂಪಂಗಿ ಕೆರೆಯ ಅಂಗಳದಲ್ಲಿ ನಿಂತಿದೆ. ೧೯೯೭ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಿದ್ಧವಾದದ್ದು. ಕೆರೆ ಹೋದರೂ ಕೆರೆಯ ಧರ್ಮ ಹೋಗಿಲ್ಲವೆಂದು ನನಗೆ ಅನ್ನಿಸುವುದುಂಟು. ತುಂಬುವುದು ಮೆಲ್ಲಗೆ, ಕೋಡಿ ಬೀಳುವುದು ಒಂದೇ ಸಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಕನ್ನಡ ಪಂಡಿತನ ಲೆಕ್ಕವೆಂದು ನಗುವವರು ತಾಳೆ ನೋಡಬಹುದು. ಇಪ್ಪತ್ತು ಸಾವಿರ ಜನ ಹೊರಬಂದರೆನ್ನಿ. ಆಟೋ ಒಂದಕ್ಕೆ ಮೂವರಂತೆ ಆರೂವರೆ ಸಾವಿರಕ್ಕೂ ಮಿಕ್ಕಿ ಆಟೋಗಳು ಬೇಕು. ಅಷ್ಟು ಆಟೋಗಳು ಕಸ್ತೂರಬಾ ರಸ್ತೆಯಲ್ಲಿ ನಿಲ್ಲಲಾರವು, ನಿಂತರೂ ಚಲಿಸಲಾರವು. ಬಸ್ಸಿಗೆ ಎಪ್ಪತ್ತರಂತೆ ತುಂಬಿದರೆ ಮುನ್ನೂರಕ್ಕೆ ಕಡಿಮೆ ಬಸ್ಸುಗಳು ಸಾಕು. ಆರು ಡಬ್ಬಿಗಳ ಮೆಟ್ರೋ ರೈಲು ತುಂಬಿದಾಗ ಎರಡು ಸಾವಿರದಷ್ಟು ಜನರನ್ನು ಹೊರುತ್ತದೆ. ಆದ್ದರಿಂದ ಹತ್ತು ರೈಲುಗಳು ಸಾಕು. ಆದರೆ ರೈಲು ನಮಗಾಗಿ ಖಾಲಿ ಬರುವುದಿಲ್ಲ. ರಾತ್ರಿಯ ಹೊತ್ತು ಎರಡು ರೈಲುಗಳ ನಡುವಣ ಅಂತರವೂ ಹಗಲಿಗಿಂತ ಹೆಚ್ಚು. ಆದಕಾರಣ ಸಾರ್ವಜನಿಕ ವಾಹನವನ್ನು ನಂಬುವುದೆಂದರೆ ಕಾಯುವುದಕ್ಕೂ ಸಿದ್ಧವಾಗಿರುವುದು. ಹಾಗಿದ್ದೂ ಮೆಟ್ರೋದ ಸಾಲಿನಲ್ಲಿ ಅರ್ಧ ಗಂಟೆ ನಿಂತವನು ಆಟೋದಲ್ಲಿ ಮುಕ್ಕಾಲು ಗಂಟೆ ಕುಳಿತವನಿಗಿಂತ ಮುಂಚೆ ಮುಟ್ಟುತ್ತಾನೆ. ಇದು ಲೆಕ್ಕವೂ ಹೌದು, ನನ್ನ ಅನುಭವವೂ ಹೌದು.

ಕಾಯುವುದೆಂಬುದು ಬರಿಯ ಬೇಸರದ ಸಂಗತಿಯಲ್ಲ. ಅದು ಜೀವದ ಪ್ರಶ್ನೆಯಾದದ್ದುಂಟು. ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ಐಬ್ರಾಕ್ಸ್ ಎಂಬ ಹೆಸರಾಂತ ಕ್ರೀಡಾಂಗಣವಿದೆ. ಅಲ್ಲಿ ೧೯೭೧ರ ಜನವರಿ ೨ರಂದು ರೇಂಜರ್ಸ್ ಮತ್ತು ಸೆಲ್ಟಿಕ್ ತಂಡಗಳ ಪಂದ್ಯ ನಡೆಯಿತು; ನೋಡಲು ಸೇರಿದವರು ಎಂಬತ್ತು ಸಾವಿರದಷ್ಟು. ಹೊರಬರುವ ಮೆಟ್ಟಿಲು ಸಾಲುಗಳಿಗೆ ಸಂಖ್ಯೆಗಳಿದ್ದವು. ಅವುಗಳಲ್ಲಿ ಹದಿಮೂರನೆಯದು ಕೋಪ್‌ಲ್ಯಾಂಡ್ ರೋಡ್ ಎಂಬ ಸುರಂಗ ರೈಲು ನಿಲ್ದಾಣಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು. ಹತ್ತಿರವೆಂಬ ಕಾರಣಕ್ಕೇ ಎಲ್ಲರಿಗೂ ಅದೇ ಬೇಕು. ಕಡಿದಾದ ಮೆಟ್ಟಿಲುಗಳಲ್ಲಿ ಇಳಿಯುತ್ತಿದ್ದ ಜನರಲ್ಲಿ ಮುಂದಿನವರು ಯಾರೋ ಎಡವಿದರು, ಹಿಂದಿನವರಿಗೆ ಅದು ಕಾಣಲಿಲ್ಲ, ಒತ್ತಡ ನಿಲ್ಲಲಿಲ್ಲ. ೬೬ ಜನ ಸತ್ತರು. ಆಟದ ಕೊನೆಯಲ್ಲಿ ಆದ ಗೋಲಿನ ಸದ್ದು ಕೇಳಿ ಕೆಲವರು ಮರಳಿ ಮೇಲೇರಿದ್ದರಿಂದ ಹೀಗಾಯಿತೆಂದು ಮೊದಮೊದಲು ಹೇಳುತ್ತಿದ್ದರು. ವಿಚಾರಣೆಯಲ್ಲಿ ಅದು ನಿಜವಲ್ಲವೆಂದು ತಿಳಿಯಿತು. ಎಲ್ಲರೂ ಒಂದೇ ದಿಕ್ಕಿನಲ್ಲಿ, ಮನೆಯ ದಿಕ್ಕಿನಲ್ಲಿ ಹೋಗುತ್ತಿದ್ದವರೇ. ಸತ್ತವರಲ್ಲಿ ಮಾರ್ಕಿಂಚ್ ಎಂಬ ಒಂದೇ ಪುಟ್ಟ ಊರಿನ ಐವರು ಹುಡುಗರಿದ್ದರು. ಇದನ್ನು ಓದಿದ ದಿನ ನಾನು ನಮ್ಮ ತಂಡದ ಹುಡುಗರ ಹಾಜರಿಯನ್ನು ಕೂಗುವಾಗ ಧ್ವನಿ ಸರಿಯಾಗಿ ಹೊರಡಲಿಲ್ಲ.

ದೂರದ ಮಾತು ಬೇಡವೆನ್ನುವವರಿಗೆ ೨೦೨೫ರ ಜೂನ್ ೪ರ ದಿನ ನೆನಪಿದ್ದೇ ಇದೆ. ಅದು ಕಾಲ್ಚೆಂಡಲ್ಲ, ಕ್ರಿಕೆಟ್ಟು. ಪಂದ್ಯವೂ ಅಲ್ಲ, ವಿಜಯೋತ್ಸವ. ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ ೧೧ ಜನ ತೀರಿಕೊಂಡರು. ಕಂಠೀರವದಿಂದ ಆ ಜಾಗ ನಡೆದು ಹೋಗುವಷ್ಟು ಹತ್ತಿರ. ಅಂದು ಸಂಜೆ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧದ ಮೆಟ್ರೋ ನಿಲ್ದಾಣಗಳಲ್ಲಿ ರೈಲು ನಿಲ್ಲುವುದಿಲ್ಲವೆಂದು ಮೆಟ್ರೋದವರು ಸಾರಿದರು. ಜನ ವಿಪರೀತ ಸೇರಿದಾಗ ಹತ್ತಿರದ ನಿಲ್ದಾಣವೇ ಮೊದಲು ಮುಚ್ಚುವುದು. ಆದ್ದರಿಂದ ಹತ್ತಿರದ್ದೊಂದನ್ನೇ ನಂಬಿ ಹೊರಟವನ ಕೈಯಲ್ಲಿ ಎರಡನೆಯ ದಾರಿಯೊಂದು ಇರಲೇಬೇಕು.

ಕಂಠೀರವದ ಮಟ್ಟಿಗೆ ಆ ಎರಡನೆಯ ದಾರಿ ಹೀಗಿದೆ. ಹತ್ತಿರದ ನಿಲ್ದಾಣ ಕಬ್ಬನ್ ಪಾರ್ಕ್. ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವನ್ನು ದಾಟಿ ನಡೆದರೆ ಕಾಲು ಗಂಟೆಗೆ ತುಸು ಹೆಚ್ಚು. ಅಲ್ಲಿಂದ ನೇರಳೆ ಮಾರ್ಗದಲ್ಲಿ ವಿಧಾನಸೌಧ, ಸರ್ ಎಂ. ವಿಶ್ವೇಶ್ವರಯ್ಯ, ಮೆಜೆಸ್ಟಿಕ್, ನಾಲ್ಕನೆಯದು ನಗರ ರೈಲು ನಿಲ್ದಾಣ. ಆದರೆ ಕಬ್ಬನ್ ಪಾರ್ಕಿನ ಬಾಗಿಲಲ್ಲಿ ಸಾಲು ಬೀದಿಗೆ ಬಂದಿದ್ದರೆ ಅಲ್ಲಿ ನಿಲ್ಲದೆ ಮುಂದಿನ ಮಹಾತ್ಮಾ ಗಾಂಧಿ ರಸ್ತೆ ನಿಲ್ದಾಣಕ್ಕೆ ನಡೆಯಿರಿ. ಮೆಜೆಸ್ಟಿಕ್ಕಿನ ಕಡೆಗೆ ಹೋಗುವ ರೈಲು ಮೊದಲು ಅಲ್ಲಿಗೆ ಬಂದು ಆಮೇಲೆ ಕಬ್ಬನ್ ಪಾರ್ಕಿಗೆ ಬರುತ್ತದೆ. ಜಾತ್ರೆಯ ದಿನ ಬಸ್ಸು ಹತ್ತಲು ಹಿಂದಿನ ಸ್ಟಾಪಿಗೆ ನಡೆದು ಹೋಗುವ ನಮ್ಮ ಹೆಣ್ಣುಮಕ್ಕಳ ಜಾಣತನವೇ ಇದು, ಹೊಸದೇನೂ ಅಲ್ಲ.

ಟಿಕೇಟಿನ ಕಿಟಕಿಯ ಸಾಲು ಇನ್ನೊಂದು. ಹೋಗುವಾಗಲೇ ಮರಳುವ ಟಿಕೇಟನ್ನೋ ಕಾರ್ಡನ್ನೋ ಕೈಯಲ್ಲಿ ಮಾಡಿಕೊಂಡವನು ಆ ಸಾಲಿನಿಂದ ಪಾರಾದನು. ೨೦೨೪ರ ಐ.ಪಿ.ಎಲ್. ಪಂದ್ಯಗಳ ದಿನಗಳಲ್ಲಿ ಮೆಟ್ರೋದವರು ಮರುಪ್ರಯಾಣಕ್ಕೆಂದೇ ೫೦ ರೂಪಾಯಿಯ ಕಾಗದದ ಟಿಕೇಟನ್ನು ಮಧ್ಯಾಹ್ನದಿಂದ ಮಾರಿದ್ದು ಈ ಕಾರಣಕ್ಕೇ. ದೂರವಾಣಿಯೊಳಗಿನ ಟಿಕೇಟನ್ನು ನಂಬಿದವರು ಒಂದು ಮಾತು ನೆನಪಿಡಬೇಕು: ಎರಡು ಗಂಟೆ ಚಿತ್ರ ತೆಗೆದ ದೂರವಾಣಿ ರಾತ್ರಿ ಹತ್ತಕ್ಕೆ ಪ್ರಾಣ ಬಿಡುತ್ತದೆ, ಟಿಕೇಟೂ ಅದರೊಂದಿಗೆ ಸಹಗಮನ ಮಾಡುತ್ತದೆ. ರೈಲಿನ ಟಿಕೇಟನ್ನು ಕಾಗದದ ಮೇಲೆ ಮುದ್ರಿಸಿ ಜೇಬಿನಲ್ಲಿಡುವುದು ಹಳೆಯ ಕಾಲದ ಅಭ್ಯಾಸವೆಂದು ನಗುವವರು ನಗಲಿ.

ಇನ್ನು ಸಮಯದ ಲೆಕ್ಕ. ಹಳಗನ್ನಡದ ಪದ್ಯವನ್ನು ಅನ್ವಯಿಸುವಾಗ ನಾವು ಮಕ್ಕಳಿಗೆ ಹೇಳಿಕೊಡುವುದೇನು? ಮೊದಲ ಪದದಿಂದ ಶುರುಮಾಡಬೇಡಿ. ಕ್ರಿಯಾಪದ ಎಲ್ಲಿದೆ ಹುಡುಕಿ, ಅದನ್ನು ಹಿಡಿದು ಕರ್ತೃ, ಕರ್ಮಗಳನ್ನು ಹಿಂದಕ್ಕೆ ಜೋಡಿಸಿರಿ. ಪಂದ್ಯದ ಪ್ರಯಾಣಕ್ಕೂ ಇದೇ ಅನ್ವಯಕ್ರಮ. ಮನೆಗೆ ಮುಟ್ಟಿಸುವ ಕೊನೆಯ ವಾಹನವೇ ಇಲ್ಲಿಯ ಕ್ರಿಯಾಪದ. ಅದು ಸಿಕ್ಕರೆ ಮಿಕ್ಕದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ನಮ್ಮ ಪಾಲಿಗೆ ಆ ಕ್ರಿಯಾಪದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ಬೆಂಗಳೂರನ್ನು ರಾತ್ರಿ ಹನ್ನೊಂದರ ಸುಮಾರಿಗೆ ಬಿಟ್ಟು ಹುಬ್ಬಳ್ಳಿ, ಧಾರವಾಡ, ಲೋಂಡಾಗಳ ಮೇಲೆ ಬೆಳಿಗ್ಗೆ ಖಾನಾಪುರವನ್ನು ಹಾಯ್ದು ಬೆಳಗಾವಿಗೆ ಹೋಗುತ್ತದೆ. ಹನ್ನೊಂದಕ್ಕೆ ರೈಲು; ಮಕ್ಕಳನ್ನು ಕಟ್ಟಿಕೊಂಡವನು ಹತ್ತೂವರೆಗೆ ನಗರ ನಿಲ್ದಾಣದಲ್ಲಿರಬೇಕು. ಮೆಟ್ರೋದ ಓಟಕ್ಕೆ ಹತ್ತು ನಿಮಿಷ. ಸಾಲಿನಲ್ಲೂ ಕಟ್ಟೆಯ ಮೇಲೂ ಕಾಯುವುದಕ್ಕೆ ಇಪ್ಪತ್ತೈದು. ನಡಿಗೆಗೆ ಇಪ್ಪತ್ತು. ಆಸನದಿಂದ ಎದ್ದು ಬಾಗಿಲು ದಾಟುವುದಕ್ಕೆ ಹದಿನೈದು. ಅಲ್ಲಿಗೆ ಎಪ್ಪತ್ತು ನಿಮಿಷ. ಎಂದರೆ ಒಂಬತ್ತು ಇಪ್ಪತ್ತಕ್ಕೆ ಆಟ ಮುಗಿದಿರಬೇಕು. ಏಳೂವರೆಗೆ ಶುರುವಾಗುವ ಪಂದ್ಯ ನಲವತ್ತೈದರ ಎರಡು ಭಾಗ, ನಡುವೆ ಹದಿನೈದರ ವಿರಾಮ, ಪಂಚರು ಸೇರಿಸುವ ಹೆಚ್ಚಿನ ನಿಮಿಷಗಳು ಇವೆಲ್ಲ ಸೇರಿ ಮುಗಿಯುವುದು ಸರಿಯಾಗಿ ಅಷ್ಟೊತ್ತಿಗೆ. ಎಳೆ ಸಣ್ಣದು, ಆದರೆ ಹರಿಯುವುದಿಲ್ಲ. ಪಂದ್ಯ ಐದು ಗಂಟೆಯದಾದರೆ ಊಟಕ್ಕೂ ಬಿಡುವುಂಟು.

ರಾತ್ರಿ ಒಂಬತ್ತರ ಸುಮಾರಿಗೆ ಬೆಳಗಾವಿಗೆ ಹೊರಡುವ ಇನ್ನೊಂದು ಸೂಪರ್‌ಫಾಸ್ಟ್ ರೈಲಿದೆ. ಒಳ್ಳೆಯ ರೈಲು, ಆದರೆ ಅದು ಹೊರಡುವಾಗ ಏಳೂವರೆಯ ಪಂದ್ಯದ ಎರಡನೆಯ ಭಾಗ ನಡೆದಿರುತ್ತದೆ. ೨೦೨೫ರ ಆಗಸ್ಟ್ ೧೦ರಂದು ಆರಂಭವಾದ ವಂದೇ ಭಾರತ್ ಬೆಳಗಾವಿಯಿಂದ ನಸುಕಿನಲ್ಲಿ ಹೊರಟು ಎರಡು ಗಂಟೆಯೊಳಗೆ ಬೆಂಗಳೂರನ್ನು ಮುಟ್ಟಿಸುತ್ತದೆ. ಹೋಗಲು ಅದರಷ್ಟು ಸುಖವಾದದ್ದಿಲ್ಲ. ಮರಳುವ ಗಾಡಿ ಮಾತ್ರ ಮಧ್ಯಾಹ್ನದ್ದು. ಮರುದಿನ ಅದರಲ್ಲೇ ಬಂದೇವೆಂದರೆ ಬೆಳಗಾವಿ ಸೇರುವಾಗ ರಾತ್ರಿ ಹತ್ತೂವರೆ ಮೀರುತ್ತದೆ. ಅಷ್ಟೊತ್ತಿಗೆ ಹಳ್ಳಿಗಳ ವಸ್ತಿ ಬಸ್ಸುಗಳು ತಮ್ಮ ತಮ್ಮ ಊರು ಸೇರಿ, ಡ್ರೈವರ್ ಕಂಡಕ್ಟರುಗಳು ಗುಡಿಯ ಕಟ್ಟೆಯ ಮೇಲೆ ಮಲಗಿರುತ್ತಾರೆ. ಐನೂರು ಕಿಲೋಮೀಟರನ್ನು ಎಂಟೂವರೆ ಗಂಟೆಯಲ್ಲಿ ದಾಟಿದವನು ಕೊನೆಯ ಮೂವತ್ತು ಕಿಲೋಮೀಟರಿಗೆ ಬೆಳಗಿನವರೆಗೆ ಕಾಯುತ್ತಾನೆ. ಪಟ್ಟಣದವರು ಯೋಜನೆ ಮಾಡುವಾಗ ಈ ವಸ್ತಿ ಬಸ್ಸನ್ನು ಮರೆಯುತ್ತಾರೆ. ಆ ತಾಯಿ ಮರೆತಿರಲಿಲ್ಲ. ರೈಲುಗಳ ಹೊತ್ತು ಆಗಾಗ ಬದಲಾಗುವುದರಿಂದ ಹೊರಡುವ ವಾರವೇ ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಕ್ಷೇಮ. ೨೦೨೪ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವಿಕೆ ೧೨೦ ದಿನದ ಬದಲು ೬೦ ದಿನಕ್ಕೆ ಇಳಿದದ್ದು ನಮಗೆ ಅನುಕೂಲವೇ ಆಯಿತು. ಪಂದ್ಯಗಳ ಪಟ್ಟಿ ಹೊರಬೀಳುವ ಮೊದಲೇ ಬರ್ತುಗಳೆಲ್ಲ ತುಂಬಿಹೋಗುವುದು ಕಡಿಮೆಯಾಯಿತು.

ಇಷ್ಟು ಹೇಳಿದ ಮೇಲೆ ಬೆಂಗಳೂರೊಂದನ್ನೇ ಹೇಳಿದರೆ ನಮ್ಮ ತಾಲ್ಲೂಕಿಗೆ ಅನ್ಯಾಯವಾಗುತ್ತದೆ. ಖಾನಾಪುರಕ್ಕೆ ನಿಜವಾಗಿ ಹತ್ತಿರದ ದೊಡ್ಡ ಕಾಲ್ಚೆಂಡು ಇರುವುದು ಗೋವೆಯ ಮಡಗಾಂವಿನಲ್ಲಿ. ಘಾಟಿಳಿದರೆ ನೂರು ಕಿಲೋಮೀಟರಿಗೆ ತುಸು ಮೇಲೆ. ೧೯೬೧ರ ಡಿಸೆಂಬರಿನವರೆಗೆ ಗೋವೆ ಪೋರ್ಚುಗೀಸರ ವಶದಲ್ಲಿತ್ತು, ಕ್ಯಾಸಲ್‌ರಾಕ್ ಗಡಿಯ ಠಾಣ್ಯವಾಗಿತ್ತು. ಈಗ ಕದಂಬ ಸಾರಿಗೆಯ ಬಸ್ಸುಗಳೂ ನಮ್ಮ ವಾಯವ್ಯ ಸಾರಿಗೆಯ ಬಸ್ಸುಗಳೂ ಅನಮೋಡ ಘಾಟಿನಲ್ಲೋ ಚೋರ್ಲಾ ಘಾಟಿನಲ್ಲೋ ಇಳಿದು ಹೋಗುತ್ತವೆ. ಗೋವೆಯ ಸರಕಾರಿ ಬಸ್ಸಿನ ಮೇಲೆ ಕದಂಬರ ಹೆಸರನ್ನು ಕಂಡಾಗಲೆಲ್ಲ ನನಗೆ ಹಿಗ್ಗು. ಆ ಕದಂಬರ ಪಲಾಶಿಕೆ, ಈಗಿನ ಹಲಸಿ, ನಮ್ಮ ತಾಲ್ಲೂಕಿನದೇ ಊರಲ್ಲವೆ?

ಮಡಗಾಂವಿಗೆ ಅಂಟಿಕೊಂಡ ಫಾತೋರ್ಡಾದ ಕ್ರೀಡಾಂಗಣ ೧೯೮೯ರಲ್ಲಿ ಕಟ್ಟಿದ್ದು. ೨೦೧೭ರಲ್ಲಿ ಹದಿನೇಳರೊಳಗಿನ ಹುಡುಗರ ವಿಶ್ವಕಪ್ಪಿನ ಪಂದ್ಯಗಳು ಅಲ್ಲಿ ನಡೆದು, ಇರಾನಿನ ಹುಡುಗರು ಜರ್ಮನಿಯವರನ್ನು ೪-೦ಯಿಂದ ಸೋಲಿಸಿದರು. ೨೦೨೩ರ ಮಾರ್ಚ್ ೧೮ರಂದು ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯವೂ ಅಲ್ಲಿಯೇ. ಬೆಂಗಳೂರಿನ ತಂಡ ಅಂದು ಬೆಂಗಳೂರಿನವರಿಗಿಂತ ನಮಗೇ ಹತ್ತಿರ ಬಂದು ಆಡಿತು! ನಾನೂ ಪಿ.ಟಿ. ಮಾಸ್ತರರೂ ಬಸ್ಸಿನಲ್ಲಿ ಹೋದೆವು. ನಮ್ಮ ಲೆಕ್ಕವೆಲ್ಲ ತೊಂಬತ್ತು ನಿಮಿಷದ ಆಟಕ್ಕೆ. ಆಟ ೨-೨ ಆಯಿತು, ಹೆಚ್ಚುವರಿ ಅರ್ಧ ಗಂಟೆ ಆಡಿಸಿದರು, ಅದರಲ್ಲೂ ತೀರ್ಮಾನವಾಗದೆ ಪೆನಾಲ್ಟಿಗೆ ಹೋಯಿತು, ಮೋಹನ್ ಬಾಗಾನಿನವರು

ಗೆದ್ದರು. ಹೊರಗೆ ಬಂದಾಗ ಹತ್ತು ಹೊಡೆದುಹೋಗಿತ್ತು. ಸೋಲು ಗೆಲುವು ಇತ್ಯರ್ಥವಾಗಲೇಬೇಕಾದ ಪಂದ್ಯಗಳಿಗೆ ಒಂದು ಗಂಟೆಯನ್ನು ಹೆಚ್ಚಿಗೆ ಹಿಡಿಯಬೇಕೆಂಬ ಪಾಠ ನಮಗೆ ಹೀಗೆ ಆಯಿತು. ಘಾಟು ಹತ್ತುವ ಬಸ್ಸು ಆ ಹೊತ್ತಿಗೆ ಎಲ್ಲಿಯದು? ಗೋವಾ ಎಕ್ಸ್‌ಪ್ರೆಸ್ ಕೂಡ ವಾಸ್ಕೋದಿಂದ ಹೊರಡುವುದು ಮಧ್ಯಾಹ್ನವೇ. ಮಾಸ್ತರರ ಪರಿಚಯದವರೊಬ್ಬರ ಮನೆಯ ಪಡಸಾಲೆಯಲ್ಲಿ ಮಲಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೆವು.

ಆದುದರಿಂದ ಗೋವೆಯ ರಾತ್ರಿ ಪಂದ್ಯಕ್ಕೆ ಹೋಗುವವನು ಅಲ್ಲಿ ಮಲಗುವ ಸ್ಥಳವನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಆಟದ ಟಿಕೇಟು ಕೊಳ್ಳಲಿ. ಹಗಲಿನ ರೈಲಿನಲ್ಲಿ ಮರಳುವುದಾದರೆ ಕುಳೆಯಿಂದ ಕ್ಯಾಸಲ್‌ರಾಕಿನವರೆಗಿನ ಘಾಟನ್ನೂ ದೂಧಸಾಗರವನ್ನೂ ನೋಡುವ ಲಾಭ ಬೇರೆ. ಆ ಏರು ೩೭ಕ್ಕೆ ೧ರಂತೆ ಇದ್ದು, ಹಿಂದಿನಿಂದ ನೂಕುವ ಎಂಜಿನ್ನುಗಳಿಲ್ಲದೆ ಗಾಡಿ ಏರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಈ ದಾರಿಯನ್ನು ಪೂರ್ತಿ ನಂಬಲಾಗದು. ೨೦೨೧ರ ಜುಲೈಯಲ್ಲಿ ಗುಡ್ಡ ಕುಸಿದು ಅಲ್ಲಿ ರೈಲೊಂದು ಹಳಿ ತಪ್ಪಿತು.

ಹೆಣ್ಣುಮಕ್ಕಳ ವಿಚಾರ ಒಂದು ಮಾತು. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ರಾಜಹಂಸ, ಸ್ಲೀಪರ್ ಮೊದಲಾದವುಗಳಿಗೂ ಗೋವೆಗೆ ಹೋಗುವ ಅಂತರರಾಜ್ಯ ಬಸ್ಸುಗಳಿಗೂ ಅದು ಅನ್ವಯವಾಗಲಿಲ್ಲ. ಇದರ ಫಲವನ್ನು ನಾನು ಕಂಡದ್ದು ಬೆಂಗಳೂರಿನಲ್ಲಲ್ಲ, ಬೆಳಗಾವಿ ಟಿಳಕವಾಡಿಯ ಲೇಲೆ ಮೈದಾನದಲ್ಲಿ. ಮೊದಲು ಇಬ್ಬರು ಮೂವರು ಹುಡುಗಿಯರು ಬರುತ್ತಿದ್ದಲ್ಲಿ ಈಗ ನಮ್ಮ ಶಾಲೆಯಿಂದಲೇ ಹನ್ನೆರಡು ಮಂದಿ ಆಟ ನೋಡಲು ಹೋಗುತ್ತಾರೆ. ಸಂಜೆ ಬೆಳಕಿರುವಾಗಲೇ ಮುಗಿಯುವ ಪಂದ್ಯ, ಕೈಯಲ್ಲಿ ಆಧಾರ್ ಚೀಟಿ, ಮನೆಗೆ ಮುಟ್ಟಿಸುವ ಬಸ್ಸು. ಇಷ್ಟಿದ್ದರೆ ತಂದೆತಾಯಿಗಳು ಬೇಡವೆನ್ನುವುದಿಲ್ಲ.

ಆಟದ ವ್ಯವಸ್ಥೆ ಮಾಡುವವರೂ ವಾಹನದ ವ್ಯವಸ್ಥೆ ಮಾಡುವವರೂ ಒಂದೆಡೆ ಕುಳಿತು ಮಾತಾಡಿದರೆ ಏನಾದೀತೆಂಬುದಕ್ಕೆ ಬೇರೆಡೆ ನಿದರ್ಶನಗಳಿವೆ. ೨೦೨೪ರಲ್ಲಿ ಜರ್ಮನಿಯ ಯುರೋಪ್ ಕಪ್ಪಿನ ಟಿಕೇಟು ಪಡೆದವರಿಗೆ ೩೬ ಗಂಟೆಗಳ ಸ್ಥಳೀಯ ಪ್ರಯಾಣ ಅದರೊಂದಿಗೇ ಸೇರಿತ್ತು. ಲಂಡನ್ನಿನ ಗಿಲೆಸ್ಪಿ ರೋಡ್ ಎಂಬ ಸುರಂಗ ನಿಲ್ದಾಣಕ್ಕೆ ೧೯೩೨ರಲ್ಲಿ ಆರ್ಸೆನಲ್ ತಂಡದ ಹೆಸರನ್ನೇ ಇಟ್ಟರು. ತಂಡ ೨೦೦೬ರಲ್ಲಿ ಬೇರೆ ಮೈದಾನಕ್ಕೆ ಹೋದರೂ ಹೆಸರು ಹೋಗಲಿಲ್ಲ. ನಮ್ಮ ಕೋಲ್ಕತ್ತೆಯಲ್ಲಿ ಸಾಲ್ಟ್ ಲೇಕ್ ಕ್ರೀಡಾಂಗಣದ ಮಗ್ಗುಲಿಗೇ ೨೦೨೦ರ ಫೆಬ್ರವರಿಯಲ್ಲಿ ಮೆಟ್ರೋ ನಿಲ್ದಾಣ ತೆರೆಯಿತು. ಕಂಠೀರವದ ಪಂದ್ಯದ ಟಿಕೇಟಿನ ಹಿಂಬದಿಯಲ್ಲಿ ಹತ್ತಿರದ ಎರಡು ನಿಲ್ದಾಣಗಳ ದಾರಿಯನ್ನು ಅಚ್ಚು ಹಾಕಿಸಿದರೂ ಸಾಕು. ಅದಕ್ಕೆ ಹೆಚ್ಚು ಹಣ ಬೇಕಾಗದು.

ನಮ್ಮ ಶಾಲೆಯ ಪ್ರಯಾಣ ಕೊನೆಗೆ ನಡೆಯಿತು. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಹಿಂದಿನಿಂದ ಮುಂದಕ್ಕೆ ಓದಿ ಹೇಳಿ, ಆ ತಾಯಿಯನ್ನು ಒಪ್ಪಿಸಿದೆ. ಹದಿನಾಲ್ಕು ಮಕ್ಕಳು, ನಾವು ಮೂವರು ದೊಡ್ಡವರು. ಶನಿವಾರ ಸಂಜೆ ಖಾನಾಪುರದಲ್ಲಿ ಚೆನ್ನಮ್ಮನ ಹೆಸರಿನ ರೈಲು ಹತ್ತಿ, ಭಾನುವಾರ ಬೆಳಿಗ್ಗೆ ಸಂಗೊಳ್ಳಿ ರಾಯಣ್ಣನ ಹೆಸರಿನ ನಿಲ್ದಾಣದಲ್ಲಿ ಇಳಿದೆವು. ರಾಯಣ್ಣನನ್ನು ೧೮೩೧ರಲ್ಲಿ ಗಲ್ಲಿಗೇರಿಸಿದ ನಂದಗಡ ನಮ್ಮ ತಾಲ್ಲೂಕಿನದೆಂದು ನಾನು ಹೇಳಹೊರಟರೆ, ನಂದಗಡದ ಹುಡುಗನೇ ನನಗಿಂತ ಮುಂಚೆ ಹೇಳಿಬಿಟ್ಟ. ಚೀಲಗಳನ್ನು ಬೀಗ ಹಾಕಿ ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟೆವು, ಏಕೆಂದರೆ ಕ್ರೀಡಾಂಗಣದ ಬಾಗಿಲಲ್ಲಿ ಚೀಲವನ್ನೂ ನೀರಿನ ಬಾಟಲಿಯನ್ನೂ ಒಳಗೆ ಬಿಡುವುದಿಲ್ಲ. ಹಗಲು ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಕಬ್ಬನ್ ಪಾರ್ಕು. ಮಕ್ಕಳು ಚದುರಿದರೆ ಕೂಡಿಕೊಳ್ಳುವ ಜಾಗವೆಂದು ಸಂಗ್ರಹಾಲಯದ ಬಾಗಿಲನ್ನು ಗುರುತು ಮಾಡಿದೆವು. ‘ಗೇಟಿನ ಹತ್ತಿರ’ ಎಂದರೆ ಸಾಲದು, ಕ್ರೀಡಾಂಗಣಕ್ಕೆ ಗೇಟುಗಳು ಹಲವು. ಪ್ರತಿ ಮಗುವಿನ ಜೇಬಿನಲ್ಲಿ ನನ್ನ ದೂರವಾಣಿ ಸಂಖ್ಯೆ ಬರೆದ ಚೀಟಿಯಿತ್ತು.

ಆಟ ಮುಗಿದಾಗ ಎಲ್ಲರೂ ಒಮ್ಮೆಲೇ ಎದ್ದರು. ನಾವು ಏಳಲಿಲ್ಲ. ಕೊನೆಯ ಐದು ನಿಮಿಷವನ್ನು ಬಿಟ್ಟು ಓಡಿಬರುವವರನ್ನು ಕಂಡರೆ ನನಗೆ ಆಗದು. ಕಾವ್ಯದ ಕೊನೆಯ ಪದ್ಯವನ್ನು ಓದದೆ ಪುಸ್ತಕ ಮುಚ್ಚಿದ ಹಾಗೆ. ಅದಕ್ಕಿಂತ ಹತ್ತು ನಿಮಿಷ ಕುಳಿತು, ಮೆಟ್ಟಿಲು ತೆರವಾದ ಮೇಲೆ ಇಳಿಯುವುದು ಮೇಲು. ಅಂದಿನ ಪಂದ್ಯ ಐದು ಗಂಟೆಯದಾದ್ದರಿಂದ ಆ ಹತ್ತು ನಿಮಿಷ ನಮ್ಮ ಕೈಯಲ್ಲಿತ್ತು. ಕಬ್ಬನ್ ಪಾರ್ಕಿನ ಸಾಲು ನಿಜವಾಗಿಯೂ ಬೀದಿಗೆ ಬಂದಿತ್ತು. ಮಹಾತ್ಮಾ ಗಾಂಧಿ ರಸ್ತೆಯವರೆಗೆ ಹೆಣ್ಣುಮಕ್ಕಳೇ ಮುಂದಾಗಿ ನಡೆದರು, ಹುಡುಗರು ಕಾಲು ನೋವೆಂದು ಗೊಣಗಿದರು. ಮೆಟ್ರೋದಲ್ಲಿ ಒಮ್ಮೆ, ನಿಲ್ದಾಣದಲ್ಲಿ ಒಮ್ಮೆ, ರೈಲಿನ ಡಬ್ಬಿಯಲ್ಲಿ ಒಮ್ಮೆ ಎಣಿಸಿದೆ, ಹದಿನಾಲ್ಕೇ ಇದ್ದರು. ಆದರೂ ಅರಸೀಕೆರೆಯಲ್ಲಿ ಎಚ್ಚರವಾದಾಗ ಕೈಬೆಳಕು ಹಿಡಿದು ಇನ್ನೊಮ್ಮೆ ಎಣಿಸಿದೆ.

ಸೋಮವಾರ ಗಾಡಿ ಖಾನಾಪುರಕ್ಕೆ ಮುಕ್ಕಾಲು ಗಂಟೆ ತಡವಾಗಿ ಬಂತು. ಆ ತಾಯಿ ನಿಲ್ದಾಣದ ಬೇವಿನ ಮರದ ಕೆಳಗೆ ಬುತ್ತಿಯ ಗಂಟು ಹಿಡಿದು ನಿಂತಿದ್ದರು. ಮನೆಗೆ ಹೋಗಿಬರುವಷ್ಟು ಹೊತ್ತಿಲ್ಲದೆ ಮಕ್ಕಳು ಅಲ್ಲಿಯೇ ರೊಟ್ಟಿ ತಿಂದು ನೇರವಾಗಿ ಶಾಲೆಗೆ ಬಂದರು. ಮೊದಲನೆಯ ಅವಧಿ ಕನ್ನಡ, ನನ್ನದೇ. ಹಿಂದಿನ ಬೆಂಚಿನಲ್ಲಿ ಗೋಲು ಕಾಯುವವನು ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಎಬ್ಬಿಸಲಿಲ್ಲ, ಪದ್ಯವೂ ಅಂದು ಎರಡನೆಯ ಸಾಲಿನಿಂದ ಮುಂದೆ ಹೋಗಲಿಲ್ಲ.